ಬ್ಯಾಟರಿ ಮೇಲೆ 150 ಅಂತ ಬರೆದಿದೆ, ಸಿಗೋದು ಎಷ್ಟು?

ಓದುಗರು ಕೇಳಿದ್ದು, ನಾವು ಹೇಳಿದ್ದು

ಹಳೇ ಟೆಂಪೋ ಟ್ರಾವೆಲರ್, ಮಿನಿ ಬಸ್ಸುಗಳನ್ನು ಮನೆ ಮಾಡಿಕೊಂಡು ಊರೂರು ಸುತ್ತುವವರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬ್ಯಾಟರಿ ಬಗ್ಗೆಯೇ. ಮಂಚ ಹೇಗೆ ಮಡಚೋದು, ನೀರಿನ ಟ್ಯಾಂಕು ಎಲ್ಲಿ ಇಡೋದು ಅಂತ ಒಬ್ಬರೂ ಕೇಳಿಲ್ಲ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಅಲ್ಲಿನ ಬಿಸಿಲು ಮನುಷ್ಯರನ್ನು ಮಾತ್ರ ಅಲ್ಲ, ಬ್ಯಾಟರಿಯನ್ನೂ ಬಿಡೋದಿಲ್ಲ ನೋಡಿ.

ಇಲ್ಲಿ ಹೇಳ್ತಿರೋದು ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬಗ್ಗೆ ಅಲ್ಲ. ಗಾಡಿ ನಿಲ್ಲಿಸಿದ ಮೇಲೆ ಫ್ಯಾನು, ಲೈಟು, ಫ್ರಿಜ್ಜು ನಡೆಸೋಕೆ ಅಂತ ಬೇರೆ ಇಡುತ್ತಾರಲ್ಲ, ಆ ಬ್ಯಾಟರಿ ಬಗ್ಗೆ. ಅದರ ಮೇಲೆ ಬರೆಯುವ ಎಎಚ್ ಅಂದರೆ ಆಂಪಿಯರ್-ಅವರ್, ಎಷ್ಟು ಆಂಪಿಯರ್ ಕರೆಂಟನ್ನು ಎಷ್ಟು ತಾಸು ಕೊಡುತ್ತದೆ ಅನ್ನುವ ಗುಣಾಕಾರ.

ಪ್ರಶ್ನೆ: ಸರ್, ಶರಣು ಶರಣಾರ್ಥಿ. ಹಳೇ ಟೆಂಪೋ ಟ್ರಾವೆಲರ್ ತಗೊಂಡು ಹಿಂದೆ ಎರಡು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ ಮಾಡಿಸಿದ್ದೇನೆ. ನಾನೂ ನಮ್ಮ ಮನೆಯವರೂ ಗಾಣಗಾಪುರ, ತುಳಜಾಪುರ, ಪಂಢರಪುರ ಅಂತ ಹೋಗಬೇಕು. ಮನೆಯಲ್ಲಿರುವಂಥದೇ 150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದು ಹಾಕಿಸಿದೆ, ದೊಡ್ಡ ಇನ್ವರ್ಟರೂ ಇದೆ. 12 ವೋಲ್ಟು ಗುಣಿಸು 150, ಅಂದರೆ 1800. ಇಂಡಕ್ಷನ್ ಒಲೆ 1800 ವ್ಯಾಟಿಂದು. ಒಂದು ತಾಸಾದರೂ ನಡೀಬೇಕು ಅಲ್ವಾ? ಅನ್ನ ಇಳಿಸಿ ಬೇಳೆಗೆ ಇಟ್ಟಿದ್ದೆವು, ಬೇಳೆ ಬೇಯುವ ಮೊದಲೇ ಇನ್ವರ್ಟರ್ ಕೂಗಿಕೊಂಡು ಬಂದ್ ಆಯಿತು. ಅಂಗಡಿಯವರು ಬ್ಯಾಟರಿ ಚೆಕ್ ಮಾಡಿ ಸರಿ ಇದೆ ಅಂತಾರೆ. ಯಾರು ಸುಳ್ಳು ಹೇಳ್ತಿದ್ದಾರೆ?
— ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಮೇಷ್ಟ್ರೇ, ಸುಳ್ಳು ಯಾರೂ ಹೇಳಿಲ್ಲ. ನಿಮ್ಮ ಗುಣಾಕಾರ ಸರಿ, ಅಂಗಡಿಯವರ ಬ್ಯಾಟರಿಯೂ ಸರಿ. ಲೇಬಲ್ಲನ್ನು ಯಾರೂ ಪೂರ್ತಿ ಓದಿಲ್ಲ, ಅಷ್ಟೇ. ಬ್ಯಾಟರಿ ಹತ್ತಿರ ಬಗ್ಗಿ ನೋಡಿ. 150 ಎಎಚ್ ಅಂತ ದಪ್ಪಗೆ ಬರೆದಿರುತ್ತಾರೆ. ಅದರ ಪಕ್ಕದಲ್ಲೋ ಕೆಳಗೋ, ಕನ್ನಡಕ ಹಾಕಿಕೊಂಡೇ ನೋಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಸಿ20 ಅಂತ ಇರುತ್ತದೆ. ನಿಮ್ಮ ಬೇಳೆ ಬೇಯದೆ ಉಳಿದದ್ದು ಆ ಸಿ20ರಿಂದ.

ಸಿ20 ಅಂದರೆ 20 ತಾಸಿನ ಲೆಕ್ಕ. ಪೂರ್ತಿ ತುಂಬಿದ ಬ್ಯಾಟರಿಯಿಂದ ಒಂದೇ ಸಮ 7.5 ಆಂಪಿಯರ್ ಎಳೆಯುತ್ತಾ ಹೋದರೆ ಅದರ ವೋಲ್ಟೇಜು 10.5ಕ್ಕೆ, ಅಂದರೆ ಖಾಲಿ ಅನ್ನುವ ಮಟ್ಟಕ್ಕೆ, ಇಳಿಯೋಕೆ 20 ತಾಸು ಹಿಡಿಯುತ್ತದೆ. 7.5 ಗುಣಿಸು 20, ಆಯಿತಲ್ಲ 150. ಅದೂ ಬ್ಯಾಟರಿ 27 ಡಿಗ್ರಿ ಆಸುಪಾಸು ಇದ್ದಾಗ. ಇಷ್ಟೆಲ್ಲ ಷರತ್ತು ಸೇರಿದರೆ ಮಾತ್ರ ಆ 150 ನಿಜ. ನೀವು ಎಳೆದದ್ದು ಎಷ್ಟು ಗೊತ್ತಾ? ಒಲೆ 1800 ವ್ಯಾಟ್, ಇನ್ವರ್ಟರ್ ತನ್ನ ಪಾಲಿಗೆ ಅಂತ ನೂರಕ್ಕೆ 10ರಿಂದ 15 ತಿನ್ನುತ್ತದೆ. ಹಾಗಾಗಿ ಬ್ಯಾಟರಿಯಿಂದ ಹೊರಬಂದದ್ದು ಸುಮಾರು 170 ಆಂಪಿಯರ್. 7.5 ಎಲ್ಲಿ, 170 ಎಲ್ಲಿ!

ನಿಮ್ಮ ಟ್ಯೂಬುಲರ್ ಕೂಡ ಸೀಸದ ಪ್ಲೇಟು, ಆಸಿಡ್ ಇರುವ ಲೆಡ್ ಆಸಿಡ್ ಜಾತಿಯದೇ. ಬೇಗ ಬೇಗ ಎಳೆದಷ್ಟೂ ಲೆಡ್ ಆಸಿಡ್ ಬ್ಯಾಟರಿ ಒಟ್ಟು ಕೊಡೋದೇ ಕಡಿಮೆ ಆಗುತ್ತದೆ. ನಿಧಾನ ನಡೆಸಿದರೆ ಸಂಜೆವರೆಗೂ ಹೊಲದಲ್ಲಿ ಇರುವ ಎತ್ತು, ಓಡಿಸಿದರೆ ಮಧ್ಯಾಹ್ನಕ್ಕೇ ಕೂತುಬಿಡುತ್ತದಲ್ಲ, ಹಾಗೆ. ಒಳಗೆ ಆಗೋದು ಏನಂದರೆ, ಪ್ಲೇಟಿನ ರಂಧ್ರಗಳ ಒಳಗಿರುವ ಆಸಿಡ್ ಬೇಗ ಖರ್ಚಾಗಿಹೋಗುತ್ತದೆ, ಹೊರಗಿನ ಆಸಿಡ್ ಅಲ್ಲಿಗೆ ಹೋಗಿ ಸೇರುವಷ್ಟು ಪುರುಸೊತ್ತು ಸಿಗೋದಿಲ್ಲ. ಪ್ಲೇಟಿನ ಒಳಭಾಗ ಬಳಕೆಯೇ ಆಗದೆ ಉಳಿಯುತ್ತದೆ, ವೋಲ್ಟೇಜು ಮಾತ್ರ ಬಿದ್ದುಹೋಗಿರುತ್ತದೆ. ಜರ್ಮನಿಯ ಪೈಕರ್ಟ್ ಎಂಬವರು 1897ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿಯ ಅಂಕಿ ಹಾಕಿ ಆ ಸೂತ್ರದಲ್ಲಿ ನಿಮ್ಮ 170 ಆಂಪಿಯರ್ ಇಟ್ಟು ನೋಡಿದರೆ 24 ನಿಮಿಷ ಬರುತ್ತದೆ. ಅನ್ನ ಆಯಿತು, ಬೇಳೆ ಆಗಲಿಲ್ಲ. ಸರಿಹೋಯಿತಲ್ಲ ಲೆಕ್ಕ?

ಇನ್ನೊಂದು ತಮಾಷೆ ಕೇಳಿ. ಇಂಥದೇ ಇನ್ನೊಂದು ಬ್ಯಾಟರಿ ಪಕ್ಕಕ್ಕೆ ಕೂಡಿಸಿದರೆ ಒಂದೊಂದರ ಮೇಲಿನ ಹೊರೆ ಅರ್ಧ ಆಗುತ್ತದೆ. ಆಗ ಅದೇ ಸೂತ್ರದಲ್ಲಿ 48 ನಿಮಿಷ ಅಲ್ಲ, 57 ನಿಮಿಷ ಬರುತ್ತದೆ. ಹಾಗಂತ ಹೋಗಿ ತಂದುಬಿಡಬೇಡಿ. ಇದು ಬ್ಯಾಟರಿಯನ್ನು ಪೂರ್ತಿ ಸಾಯಿಸುವ ಲೆಕ್ಕ. ಲೆಡ್ ಆಸಿಡ್ ಬ್ಯಾಟರಿ ನಾಲ್ಕಾರು ವರ್ಷ ಬಾಳಬೇಕು ಅಂದರೆ ಅರ್ಧಕ್ಕಿಂತ ಕೆಳಗೆ ಇಳಿಸದೆ ಇರೋದು ಒಳ್ಳೇದು. ದಿನಾ ತಳ ಮುಟ್ಟಿಸಿದರೆ ಅದು ಬೇಗ ಕೈ ಕೊಡುತ್ತದೆ.

ನನ್ನ ಮಾತು ಕೇಳೋದಾದರೆ, ಅಡುಗೆಗೆ ಸಣ್ಣ ಗ್ಯಾಸ್ ಸಿಲಿಂಡರ್ ಇಟ್ಟುಕೊಳ್ಳಿ. ಶಾಖ ಹುಟ್ಟಿಸುವ ಯಾವ ಸಾಮಾನನ್ನೂ, ಅಂದರೆ ಇಂಡಕ್ಷನ್, ಕೆಟಲ್, ಇಸ್ತ್ರಿ, ಗೀಸರ್, ಇವನ್ನು 12 ವೋಲ್ಟಿನ ಲೆಡ್ ಬ್ಯಾಟರಿಗೆ ಹಚ್ಚಬೇಡಿ. ಫ್ಯಾನು, ಲೈಟು, ಮೊಬೈಲು, ರಾತ್ರಿ ಭಜನೆ ಹಾಕೋಕೆ ಒಂದು ಸ್ಪೀಕರು, ಇಷ್ಟಕ್ಕೆ ನಿಮ್ಮ ಆ ಒಂದೇ ಬ್ಯಾಟರಿ ಧಾರಾಳ. ಮತ್ತೆ, ಇನ್ವರ್ಟರಿಗೆ ಹೋಗುವ ವೈರು ಮುಟ್ಟಿ ನೋಡಿದ್ದಿರಾ ಆವತ್ತು? 170 ಆಂಪಿಯರ್ ಅಂದರೆ ಹೆಬ್ಬೆರಳು ಗಾತ್ರದ ಕೇಬಲ್ಲೇ ಬೇಕು. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸೂ ಬೇಕು. ಇವೆರಡೂ ಇಲ್ಲದಿದ್ದರೆ ಇವತ್ತೇ ಹಾಕಿಸಿ. ಉಳಿದದ್ದು ಆಮೇಲೆ.

ಪ್ರಶ್ನೆ: ಅಣ್ಣಾ, ಬೀದರ್‌ನಲ್ಲಿ ಎರಡು ಅಂಗಡಿ ತಿರುಗಿದೆ. ಒಂದು ಕಡೆ ಇನ್ವರ್ಟರ್ ಬ್ಯಾಟರಿ, 150 ಎಎಚ್ ಸಿ20. ಇನ್ನೊಂದು ಕಡೆ ಸೋಲಾರ್ ಬ್ಯಾಟರಿ, ಅದೂ 150 ಎಎಚ್, ಆದರೆ ಸಿ10. ಎರಡನೇದಕ್ಕೆ ರೇಟು ಜಾಸ್ತಿ. 20 ದೊಡ್ಡದಲ್ವಾ, 10ಕ್ಕೆ ಯಾಕೆ ಜಾಸ್ತಿ ದುಡ್ಡು?
— ಓದುಗರು, ಬೀದರ್

ಉತ್ತರ: ಇಲ್ಲಿ ಸಣ್ಣ ನಂಬರೇ ಗಟ್ಟಿ, ತಮ್ಮಾ. ಸಿ10 ಅಂದರೆ 150 ಎಎಚ್ ಅನ್ನು ಬರೀ 10 ತಾಸಿನಲ್ಲಿ ಕೊಡುತ್ತೇನೆ, ಅಂದರೆ 15 ಆಂಪಿಯರ್ ಎಳೆದರೂ ತಡೆದುಕೊಳ್ಳುತ್ತೇನೆ ಅಂತ ಆ ಬ್ಯಾಟರಿ ಒಪ್ಪಿಕೊಂಡ ಹಾಗೆ. ಅದನ್ನೇ 20 ತಾಸಿನಷ್ಟು ನಿಧಾನ ಎಳೆದರೆ 150ರ ಮೇಲೆ ಇನ್ನೂ ನೂರಕ್ಕೆ ಹತ್ತೋ ಹದಿನೈದೋ ಜಾಸ್ತಿ ಸಿಗುತ್ತದೆ. ತಿರುಗಿಸಿ ಹೇಳೋದಾದರೆ, ಸಿ20ಯ 150 ಅನ್ನು 10 ತಾಸಿನಲ್ಲಿ ಖಾಲಿ ಮಾಡಿದರೆ 130-135ಕ್ಕೆ ಕೂರುತ್ತದೆ. ಎರಡೂ ಲೇಬಲ್ಲಿನ ಮೇಲೆ 150 ಇದ್ದರೂ ಎರಡೂ ಒಂದೇ ಬ್ಯಾಟರಿ ಅಲ್ಲ. ಹೆಚ್ಚಿನ ರೇಟು ಸುಮ್ನೆ ಅಲ್ಲ, ಒಳಗೆ ಮಾಲು ಜಾಸ್ತಿ ಇದೆ. ನಂಬಿಕೆ ಬರದಿದ್ದರೆ ಎರಡರ ತೂಕ ಕೇಳಿ.

ಕೆಲವರು ಸಿ100 ಅಂತಲೂ ಬರೆಯುತ್ತಾರೆ. 100 ತಾಸು, ಅಂದರೆ ನಾಲ್ಕು ದಿನದ ಮೇಲೆ ನಾಲ್ಕು ತಾಸು ತೊಟ್ಟು ತೊಟ್ಟಾಗಿ ಎಳೆದಾಗ ಬರುವ ಅಂಕಿ ಅದು. ಸಿಗ್ನಲ್ ದೀಪ, ದೂರದ ಟವರಿನ ಉಪಕರಣ, ಇಂಥದಕ್ಕೆ ಸರಿ. ಗಾಡಿ ಮನೆಗೆ ಆ ಅಂಕಿ ನೋಡಿ ಮರುಳಾಗಬೇಡಿ, ಅದು ಬ್ಯಾಟರಿಯನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಯಾವ ಸಿ ಅಂತಲೇ ಬರೆಯದ ಬ್ಯಾಟರಿ ಇದ್ದರೆ? ಅಂಗಡಿಯವರನ್ನು "ಎಷ್ಟು ತಾಸಿನ ಲೆಕ್ಕ ಇದು?" ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಬರಲಿಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಪ್ರಶ್ನೆ: ನಮ್ಮೆಜಮಾನ್ರು ಎಲ್ಲದಕ್ಕೂ ಅಂದಾಜು. "ಎರಡು ಬ್ಯಾಟರಿ ಹಾಕ್ಸಿದ್ರೆ ಸಾಕು ಬಿಡು" ಅಂತಾರೆ. ಆಮೇಲೆ ಒಂದು ಟನ್ನಿನ ಎಸಿನೂ ಕೂರಿಸೋಣ ಅಂತಾರೆ. ನಂಗೆ ಲೆಕ್ಕ ಬೇಕು. ನಮ್ಮ ಗಾಡಿಲಿ ಎರಡು 12 ವೋಲ್ಟಿನ ಫ್ಯಾನು, ಎಲ್‌ಇಡಿ ಲೈಟು, ಸಣ್ಣ 12 ವೋಲ್ಟಿನ ಫ್ರಿಜ್ಜು, ನೀರಿನ ಪಂಪು, ನನ್ನ ಲ್ಯಾಪ್‌ಟಾಪು, ಎರಡು ಫೋನು. ಎಷ್ಟು ಎಎಚ್ ಬೇಕು?
— ಓದುಗರು, ಬಸವಕಲ್ಯಾಣ

ಉತ್ತರ: ಅಕ್ಕಾ, ಎಎಚ್ ಹಿಂದೆ ಹೋಗುವ ಮೊದಲು ವ್ಯಾಟ್-ಅವರ್‌ನಲ್ಲಿ ಲೆಕ್ಕ ಹಾಕಿ. ವ್ಯಾಟ್ ಗುಣಿಸು ತಾಸು. ಎಎಚ್ ಅನ್ನೋದು ವೋಲ್ಟೇಜು ಹೇಳದೆ ಇದ್ದರೆ ಅರ್ಥವೇ ಇಲ್ಲದ ಅಂಕಿ. 12 ವೋಲ್ಟಿನ 100 ಎಎಚ್ ಬೇರೆ, 24 ವೋಲ್ಟಿನ 100 ಎಎಚ್ ಅದರ ಎರಡರಷ್ಟು. ವ್ಯಾಟ್-ಅವರ್ ಆದರೆ ಎಲ್ಲ ಕಡೆ ಒಂದೇ. ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ ಇದೇ 1000 ವ್ಯಾಟ್-ಅವರ್.

ನಿಮ್ಮದನ್ನು ಹಾಕಿ ನೋಡೋಣ. ಫ್ಯಾನು ಒಂದಕ್ಕೆ 25 ವ್ಯಾಟ್ ಅಂತಿಟ್ಟುಕೊಳ್ಳಿ, ಎರಡು ಫ್ಯಾನು ರಾತ್ರಿ 9 ತಾಸು ತಿರುಗಿದರೆ 450. ಲೈಟೆಲ್ಲ ಸೇರಿ 20 ವ್ಯಾಟ್, 5 ತಾಸಿಗೆ 100. ಫ್ರಿಜ್ಜು ಓಡುವಾಗ 45 ವ್ಯಾಟ್ ತಗೊಳ್ಳುತ್ತೆ ಅನ್ನಿ. ನಿಮ್ಮೂರಿನ ಏಪ್ರಿಲ್-ಮೇ ಬಿಸಿಲಿಗೆ ಅದರ ಮೋಟರು ದಿನದ ಅರ್ಧ ಹೊತ್ತು ಓಡಿಯೇ ಓಡುತ್ತದೆ, ಅಲ್ಲಿಗೆ 540. ಫೋನು, ಲ್ಯಾಪ್‌ಟಾಪಿಗೆ 100. ಪಂಪು ದಿನಕ್ಕೆ ಅರ್ಧ ತಾಸು, 20. ಒಟ್ಟು 1210 ವ್ಯಾಟ್-ಅವರ್. 12ರಿಂದ ಭಾಗಿಸಿ, ದಿನಕ್ಕೆ ಸುಮಾರು 100 ಎಎಚ್.

ಲೆಡ್ ಆಸಿಡ್ ಆದರೆ ಅರ್ಧ ಮಾತ್ರ ಬಳಸೋದು, ಹಾಗಾಗಿ 200 ಎಎಚ್. ಲಿಥಿಯಂ ಆದರೆ ನೂರಕ್ಕೆ 80 ಧೈರ್ಯವಾಗಿ ಬಳಸಬಹುದು, ವೋಲ್ಟೇಜೂ 12.8 ಇರುತ್ತದೆ, ಸುಮಾರು 120 ಎಎಚ್ ಸಾಕು. ನಿಮ್ಮ ಸಾಮಾನುಗಳೆಲ್ಲ ಮೆಲ್ಲಗೆ ಎಳೆಯುವಂಥವು. ಎಲ್ಲ ಒಟ್ಟಿಗೆ ನಡೆಯೋದು ಕಡಿಮೆ, ಹಾಗಾಗಿ ಹತ್ತು ಹನ್ನೆರಡು ಆಂಪಿಯರ್ ದಾಟೋದು ಅಪರೂಪ. 200 ಎಎಚ್ ಬ್ಯಾಟರಿಯ ಸಿ20 ಲೆಕ್ಕವೇ 10 ಆಂಪಿಯರ್. ಅಂದರೆ ಕಲಬುರಗಿ ಮೇಷ್ಟ್ರಿಗೆ ಕೈ ಕೊಟ್ಟ ಲೇಬಲ್ಲು ನಿಮ್ಮ ಮಟ್ಟಿಗೆ ನಿಜವೇ ಹೇಳುತ್ತದೆ.

ಒಂದು ಕಳ್ಳ ಖರ್ಚು ಇದೆ, ಅದನ್ನು ಯಾರೂ ಬರೆದುಕೊಳ್ಳೋದಿಲ್ಲ. ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ನೆ ಆನ್ ಇದ್ದರೂ ತಿನ್ನುತ್ತದೆ. 15 ವ್ಯಾಟ್ ತಿನ್ನುವ ಇನ್ವರ್ಟರನ್ನು ಇಡೀ ದಿನ ಆನ್ ಬಿಟ್ಟರೆ 360 ವ್ಯಾಟ್-ಅವರ್ ಹೋಯಿತು, ನಿಮ್ಮ ಫ್ರಿಜ್ಜಿನ ಖರ್ಚಿನ ಮೂರರಲ್ಲಿ ಎರಡು ಪಾಲು! ಎಲ್ಲ 12 ವೋಲ್ಟಿನದೇ ಇಟ್ಟುಕೊಂಡಿದ್ದೀರಿ, ಅದು ಜಾಣತನ. ಲ್ಯಾಪ್‌ಟಾಪಿಗೂ 12 ವೋಲ್ಟಿನ ಚಾರ್ಜರ್ ಸಿಗುತ್ತದೆ, ತಗೊಂಡುಬಿಡಿ.

ಇನ್ನು ಯಜಮಾನ್ರ ಎಸಿ. ಒಂದು ಟನ್ನಿನ ಎಸಿ ರಾತ್ರಿಯೆಲ್ಲ ನಡೆದರೆ ನಿಂತು ನಿಂತು ಓಡಿದರೂ 5 ಯೂನಿಟ್ ಹತ್ತಿರ ಹೋಗುತ್ತದೆ. ಇನ್ವರ್ಟರಿನ ಪಾಲು ಸೇರಿಸಿ, ಅರ್ಧ ಮಾತ್ರ ಬಳಸುವ ನಿಯಮ ಸೇರಿಸಿ, 150 ಎಎಚ್ ಟ್ಯೂಬುಲರ್ ಆರೇಳು ಬೇಕು. ಒಂದೊಂದು 50-60 ಕಿಲೋ. ಬ್ಯಾಟರಿಗಳಿಗೆ ಜಾಗ ಮಾಡಿ ನೀವಿಬ್ಬರು ಹೊರಗೆ ಮಲಗಬೇಕಾಗುತ್ತೆ ಅಂತ ಹೇಳಿ ಅವರಿಗೆ.

ಸೋಲಾರ್ ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಮಾಡಿನ ಮೇಲೆ 400 ವ್ಯಾಟ್ ಪ್ಯಾನೆಲ್ ಹಾಕಿದರೆ ನಿಮ್ಮ ಕಡೆ ಬೇಸಿಗೆಯಲ್ಲಿ ನಷ್ಟ ಕಳೆದು ದಿನಕ್ಕೆ 1300 ವ್ಯಾಟ್-ಅವರ್ ಆಸುಪಾಸು ಬರುತ್ತದೆ. ಖರ್ಚಿಗೆ ಸರಿ ಹೋಯಿತು. ಮಳೆಗಾಲದ ಮೋಡಕ್ಕೆ ಅರ್ಧವೂ ಬರದ ದಿನ ಇರುತ್ತವೆ, ಆಗ ಫ್ರಿಜ್ಜು ಬಂದ್ ಮಾಡಿ ಅಥವಾ ಗಾಡಿ ಓಡಿಸಿ ಚಾರ್ಜ್ ಮಾಡಿಕೊಳ್ಳಿ.

ಪ್ರಶ್ನೆ: ನಮಸ್ಕಾರ ರೀ. ನಮ್ದು ಹತ್ತಿ ಲೋಡು ಹೊಡೆಯೋ ಲಾರಿ ಇತ್ತು, ಮಾರಿದ್ವಿ. ಅದರ ಎರಡು ಬ್ಯಾಟರಿ ಹೊಸವು, ಬಿಚ್ಚಿ ಇಟ್ಕೊಂಡೀನಿ. ಅವನ್ನೇ ಮಿನಿ ಬಸ್ಸಿನ ಮನೆಗೆ ಹಾಕಬೇಕಂತ. ಒಂದರ ಮೇಲೆ ಸಿಸಿಎ ಅಂತ ದೊಡ್ಡ ನಂಬರ್ ಐತಿ, ಆರ್‌ಸಿ 150 ಅಂತನೂ ಐತಿ. ನಡೀತದ?
— ಓದುಗರು, ಯಾದಗಿರಿ

ಉತ್ತರ: ಕೆಲವು ದಿನ ನಡೀತದ, ಆಮೇಲೆ ನಡೆಯೋದಿಲ್ಲ ರೀ. ಅವು ಎಂಜಿನ್ ತಿರುಗಿಸೋಕೆ ಮಾಡಿದ ಬ್ಯಾಟರಿ. ಒಳಗೆ ತೆಳು ಪ್ಲೇಟು, ಸಂಖ್ಯೆಯಲ್ಲಿ ಜಾಸ್ತಿ. ಕೆಲವೇ ಸೆಕೆಂಡು ಭಾರೀ ಕರೆಂಟು ಕೊಟ್ಟು ಮತ್ತೆ ಆಲ್ಟರ್ನೇಟರಿನಿಂದ ತುಂಬಿಸಿಕೊಳ್ಳೋದು ಅವುಗಳ ಕೆಲಸ. ರಾತ್ರಿಯಿಡೀ ಫ್ಯಾನಿಗೆ ಕೊಟ್ಟು ಅರ್ಧ ಖಾಲಿ ಆಗೋದು, ಮರುದಿನ ತುಂಬೋದು, ಮತ್ತೆ ಖಾಲಿ ಆಗೋದು, ಇದಕ್ಕೆ ಆ ಪ್ಲೇಟು ತಡೆಯೋದಿಲ್ಲ.

ಸಿಸಿಎ ನಂಬರ್ ಎಷ್ಟೇ ದೊಡ್ಡದಿರಲಿ, ಮರೆತುಬಿಡಿ. ಮೈನಸ್ 18 ಡಿಗ್ರಿ ಚಳಿಯಲ್ಲಿ 30 ಸೆಕೆಂಡು ಎಷ್ಟು ಆಂಪಿಯರ್ ಕೊಡುತ್ತದೆ ಅನ್ನುವ ಅಳತೆ ಅದು. ಯಾದಗಿರಿಗೂ ಮೈನಸ್ 18ಕ್ಕೂ ಏನು ಸಂಬಂಧ? ನಿಮಗೆ ಸ್ವಲ್ಪ ಉಪಯೋಗಕ್ಕೆ ಬರುವುದು ಆರ್‌ಸಿ. ತುಂಬಿದ ಬ್ಯಾಟರಿಯಿಂದ ಬಿಡದೆ 25 ಆಂಪಿಯರ್ ಎಳೆದರೆ 10.5 ವೋಲ್ಟಿಗೆ ಬರೋಕೆ ಎಷ್ಟು ನಿಮಿಷ ಅನ್ನೋದು ಅದು. 150 ನಿಮಿಷ ಅಂದರೆ ಎರಡೂವರೆ ತಾಸು. 25 ಗುಣಿಸು ಎರಡೂವರೆ, 62 ಎಎಚ್ ಚಿಲ್ಲರೆ. 20 ತಾಸಿನ ಎಎಚ್ ಇದಕ್ಕಿಂತ ಜಾಸ್ತಿ ಇರುತ್ತದೆ, ಕಾರಣ ಮೇಲೆ ಹೇಳಿಯಾಗಿದೆ.

ಇನ್ನೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಲಾರಿ 24 ವೋಲ್ಟಿಂದು, ಎರಡು ಬ್ಯಾಟರಿ ಸೀರೀಸ್‌ನಲ್ಲಿ ಇರುತ್ತವೆ. ಕೆಲವರು ಟೇಪ್ ರೆಕಾರ್ಡರ್, ಫ್ಯಾನಿಗೆ ಅಂತ ಅದರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟು ಎಳೆದುಕೊಳ್ಳುತ್ತಾರೆ. ಒಂದು ಬ್ಯಾಟರಿ ಖಾಲಿ, ಒಂದು ತುಂಬಿದ್ದು. ಚಾರ್ಜ್ ಆಗುವಾಗ ಎರಡಕ್ಕೂ ಒಂದೇ ಕರೆಂಟು ಹೋಗುತ್ತದೆ. ತುಂಬಿದ್ದು ಕುದಿಯುತ್ತದೆ, ಖಾಲಿ ಇದ್ದದ್ದು ತುಂಬೋದೇ ಇಲ್ಲ. ಕೊನೆಗೆ ಎರಡೂ ಹೋಗುತ್ತವೆ. 24ರಿಂದ 12 ಮಾಡುವ ಕನ್ವರ್ಟರ್ ಸಿಗುತ್ತದೆ, ಅದನ್ನು ಹಾಕಿಕೊಳ್ಳೋದೇ ಸರಿ. ಈ ಬ್ಯಾಟರಿಗಳನ್ನು ಬೇರೆ ಲಾರಿಯವರಿಗೆ ಒಳ್ಳೇ ರೇಟಿಗೆ ಕೊಟ್ಟು, ಆ ದುಡ್ಡಿಗೆ ಡೀಪ್ ಸೈಕಲ್ ಬ್ಯಾಟರಿ, ಅಂದರೆ ಮತ್ತೆ ಮತ್ತೆ ಖಾಲಿ ಮಾಡಿ ತುಂಬಿಸೋಕೆ ಅಂತಲೇ ಮಾಡಿದ್ದು, ತಗೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ 12 ವೋಲ್ಟ್ 200 ಎಎಚ್ ಲಿಥಿಯಂ ಬ್ಯಾಟರಿ ತುಂಬಾ ಕಮ್ಮಿಗೆ ಸಿಗ್ತಿದೆ. ತೂಕ ಬರೀ 9 ಕೆಜಿ ಅಂತ ಹಾಕಿದ್ದಾರೆ. ತಗೋಬಹುದಾ ಸರ್? ಫ್ರೆಂಡ್ಸ್ ಎಲ್ಲ ಸೇರಿ ವ್ಯಾನ್ ರೆಡಿ ಮಾಡ್ತಿದ್ದೀವಿ.
— ಓದುಗರು, ಶಹಾಪುರ

ಉತ್ತರ: ಆ 9 ಕೆಜಿಯೇ ಅವರ ಬಣ್ಣ ಬಯಲು ಮಾಡಿದೆ. ಗಾಡಿ ಮನೆಗೆ ಬಳಸುವ ಲಿಥಿಯಂ ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅಂತಾರೆ. 12.8 ವೋಲ್ಟು ಗುಣಿಸು 200, 2560 ವ್ಯಾಟ್-ಅವರ್. ಇಂಥ ಬ್ಯಾಟರಿ ಪೆಟ್ಟಿಗೆ, ವೈರು ಎಲ್ಲ ಸೇರಿ 20 ಕೆಜಿ ಆಸುಪಾಸೋ ಅದಕ್ಕಿಂತ ಮೇಲೋ ಇರುತ್ತದೆ. 100 ಎಎಚ್‌ದೇ 10ರಿಂದ 13 ಕೆಜಿ ತೂಗುತ್ತದೆ. 9 ಕೆಜಿಯಲ್ಲಿ 200 ಎಎಚ್ ಬರೋದಿಲ್ಲ. ಅಂಕಿ ಸುಳ್ಳಿರಬೇಕು, ಇಲ್ಲಾ ಒಂದೊಂದು ಸೆಲ್ಲಿನ ವೋಲ್ಟೇಜಿಗೆ ಎಎಚ್ ಕೂಡಿಸಿ ಬರೆದಿರಬೇಕು. ಪವರ್ ಬ್ಯಾಂಕಿನವರು ಮಾಡುವುದು ಇದನ್ನೇ. 20,000 ಎಂಎಎಚ್ ಅಂದ ಕೂಡಲೇ 20 ಎಎಚ್ ಅಂದುಕೊಳ್ಳುತ್ತೇವೆ. ಅದು 3.7 ವೋಲ್ಟಿನ ಲೆಕ್ಕ, 74 ವ್ಯಾಟ್-ಅವರ್. 12.8 ವೋಲ್ಟಿಗೆ ತಂದರೆ 6 ಎಎಚ್ ಕೂಡ ಇಲ್ಲ.

ಒಳ್ಳೇ ಎಲ್‌ಎಫ್‌ಪಿ ಸಿಕ್ಕರೆ ಅದರ ಎಎಚ್ ಅಂಕಿ ಹೆಚ್ಚು ನಂಬಬಹುದು. ಬೇಗ ಎಳೆದರೂ ಕೊಡೋದು ಅಷ್ಟಾಗಿ ಕಡಿಮೆ ಆಗೋದಿಲ್ಲ, ಪೈಕರ್ಟ್ ಕಾಟ ಅದಕ್ಕೆ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಅಲ್ಲಿ ಇನ್ನೊಂದು ಅಂಕಿ ನೋಡಬೇಕು, ಬಿಎಂಎಸ್ ಎಷ್ಟು ಆಂಪಿಯರ್‌ದು ಅಂತ. ಬಿಎಂಎಸ್ ಒಳಗಿರುವ ಕಾವಲು ಬೋರ್ಡು. ಅದು 100 ಆಂಪಿಯರ್‌ದಾದರೆ 12.8 ಗುಣಿಸು 100, 1280 ವ್ಯಾಟಿನ ಮೇಲೆ ಎಳೆದರೆ ತಟ್ಟನೆ ಬಂದ್ ಮಾಡುತ್ತದೆ. ಬ್ಯಾಟರಿ ತುಂಬಿರುತ್ತದೆ, ನೀವು ಮಾತ್ರ ಕತ್ತಲಲ್ಲಿ. ಎಎಚ್ ಹೇಳೋದು ಎಷ್ಟು ತುಂಬಿದೆ ಅಂತ. ಬಿಎಂಎಸ್ ಹೇಳೋದು ಎಷ್ಟು ಬೇಗ ಕೊಡಬಲ್ಲೆ ಅಂತ.

ಇದರ ವೋಲ್ಟೇಜು ನೋಡಿ ಚಾರ್ಜು ಅಂದಾಜು ಮಾಡೋಕೆ ಆಗೋದಿಲ್ಲ. ಮುಕ್ಕಾಲು ಇದ್ದಾಗಲೂ ಅರ್ಧ ಇದ್ದಾಗಲೂ 13.2-13.3ರ ಹತ್ತಿರವೇ ಆಡುತ್ತಿರುತ್ತದೆ, ಕೊನೆಗೆ ಧಪ್ ಅಂತ ಬೀಳುತ್ತದೆ. ಒಳಹೋದ, ಹೊರಬಂದ ಆಂಪಿಯರ್ ಎಣಿಸುವ ಷಂಟ್ ಮೀಟರ್ ಹಾಕಿಕೊಳ್ಳಿ. ಗಾಡಿಯ ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ. ಲಿಥಿಯಂ ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟೀತು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇರಲಿ. ಲಡಾಖ್ ಕಡೆ ಹೋಗುವ ಯೋಚನೆ ಇದ್ದರೆ, ಸೊನ್ನೆ ಡಿಗ್ರಿ ಕೆಳಗೆ ಇದನ್ನು ಚಾರ್ಜ್ ಮಾಡಬಾರದು ಅನ್ನೋದೂ ತಲೆಯಲ್ಲಿರಲಿ.

ಪ್ರಶ್ನೆ: ನಮ್ಮ ಕಡೆ ಮೇ ತಿಂಗಳಲ್ಲಿ 43-44 ಡಿಗ್ರಿ. ಬ್ಯಾಟರಿಯನ್ನು ಮಂಚದ ಕೆಳಗೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ. ಬಿಸಿಗೆ ಬ್ಯಾಟರಿ ಕೆಪಾಸಿಟಿ ಕಮ್ಮಿ ಆಗುತ್ತಾ?
— ಓದುಗರು, ಸೇಡಂ

ಉತ್ತರ: ಉಲ್ಟಾ. ಬಿಸಿಗೆ ಆವತ್ತಿನ ಕೆಪಾಸಿಟಿ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಅದಕ್ಕೇ ಜನ ಮೋಸ ಹೋಗೋದು. ಕಮ್ಮಿ ಆಗೋದು ಆಯಸ್ಸು. ಲೆಡ್ ಆಸಿಡ್ ಬ್ಯಾಟರಿಗೆ ಬಿಸಿ ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಅನ್ನೋದು ಎಲ್ಲರೂ ಒಪ್ಪುವ ಲೆಕ್ಕ. ಬಿಸಿಲಿಗೆ ನಿಂತ ಗಾಡಿಯ ಒಳಗೆ ಹೊರಗಿನ 44ಕ್ಕಿಂತ ಬಹಳ ಮೇಲೆ ಹೋಗುತ್ತದೆ, ತಗಡಿನ ಪೆಟ್ಟಿಗೆಯಲ್ಲಂತೂ ಕೇಳೋದೇ ಬೇಡ. ಪೆಟ್ಟಿಗೆಗೆ ಗಾಳಿ ಆಡಲಿ, ಬಿಸಿಲು ಬೀಳುವ ಮಗ್ಗುಲಿಗೆ ಇಡಬೇಡಿ. ಚಾರ್ಜರಿನಲ್ಲಿ ಟೆಂಪರೇಚರ್ ಸೆನ್ಸರ್ ಇದ್ದರೆ ಅದರ ವೈರನ್ನು ಬ್ಯಾಟರಿಗೇ ಅಂಟಿಸಿ. 14.4 ವೋಲ್ಟಿಗೆ ತುಂಬಿಸುವ ಬ್ಯಾಟರಿಯನ್ನು 45 ಡಿಗ್ರಿಯಲ್ಲಿ ಅದಕ್ಕಿಂತ ಸುಮಾರು 0.4 ವೋಲ್ಟು ಕಡಿಮೆಯಲ್ಲೇ ನಿಲ್ಲಿಸಬೇಕು. ಇಲ್ಲದಿದ್ದರೆ ನೀರು ಹಾರಿಹೋಗುತ್ತದೆ.

ಆದರೆ ನನಗೆ ನಿಜವಾಗಿ ಭಯ ಆದದ್ದು ಮಂಚದ ಕೆಳಗೆ ಅಂತ ಓದಿದಾಗ. ನಿಮ್ಮದು ನೀರು ಹಾಕುವ ಟ್ಯೂಬುಲರ್ ಬ್ಯಾಟರಿಯಾದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಮಲಗುವ ಜಾಗದ ಕೆಳಗೆ ಅದು ಬೇಡವೇ ಬೇಡ. ಒಳಗೆ ಮುಚ್ಚಿದ, ಹೊರಗೆ ತೆರೆದ ಪೆಟ್ಟಿಗೆ ಮಾಡಿಸಿ. ಕೆಳಗೊಂದು ಗಾಳಿ ಬರುವ ಕಿಂಡಿ, ಮೇಲೊಂದು ಹೋಗುವ ಕಿಂಡಿ, ಹೈಡ್ರೋಜನ್ ಮೇಲಕ್ಕೇ ಏರೋದು. ಮುಂದಿನ ಸಲ ಬ್ಯಾಟರಿ ಬದಲಾಯಿಸುವಾಗ ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ, ಸೀಲ್ ಮಾಡಿದ ಲೆಡ್ ಬ್ಯಾಟರಿ) ಅಥವಾ ಎಲ್‌ಎಫ್‌ಪಿ ನೋಡಿ. ಕುಲುಕುವ ಗಾಡಿಗೆ ಆಸಿಡ್ ಚೆಲ್ಲುವ ಬ್ಯಾಟರಿ ಮೊದಲೇ ಸರಿಯಾದ ಜೋಡಿ ಅಲ್ಲ.

ಚುಟುಕು ಪ್ರಶ್ನೆಗಳು

*ಎರಡು 12 ವೋಲ್ಟ್ 100 ಎಎಚ್ ಸೇರಿಸಿದರೆ 200 ಎಎಚ್ ಆಗುತ್ತಾ? (ಹುಮನಾಬಾದ್)*
ಪ್ಯಾರಲಲ್ ಆದರೆ 12 ವೋಲ್ಟು 200 ಎಎಚ್. ಸೀರೀಸ್ ಆದರೆ 24 ವೋಲ್ಟು 100 ಎಎಚ್. ವ್ಯಾಟ್-ಅವರ್ ಎರಡರಲ್ಲೂ 2400.

*ಹಳೇ ಬ್ಯಾಟರಿ ಜೊತೆ ಹೊಸದು ಸೇರಿಸಬಹುದಾ? (ಸುರಪುರ)*
ಬೇಡ. ಹಳೇದು ಹೊಸದನ್ನೂ ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ.

*850 ವಿಎ ಇನ್ವರ್ಟರ್ ಅಂದರೆ 850 ವ್ಯಾಟಾ? (ಭಾಲ್ಕಿ)*
ಅಲ್ಲ, ವ್ಯಾಟ್ ಅದಕ್ಕಿಂತ ಕಡಿಮೆ ಇರುತ್ತದೆ, ಹಿಂದಿನ ಚೀಟಿ ನೋಡಿ. ಎಷ್ಟು ಹೊತ್ತು ನಡೆಯುತ್ತದೆ ಅನ್ನೋದನ್ನು ಇನ್ವರ್ಟರ್ ಅಲ್ಲ, ಬ್ಯಾಟರಿ ತೀರ್ಮಾನಿಸೋದು.

*ಮೀಟರ್ 12.4 ತೋರಿಸುತ್ತಿದೆ. ಎಷ್ಟು ಉಳಿದಿದೆ? (ಜೇವರ್ಗಿ)*
ಲೆಡ್ ಆಸಿಡ್ ಆಗಿದ್ದು, ಚಾರ್ಜೂ ಲೋಡೂ ಇಲ್ಲದೆ ಕೆಲವು ತಾಸು ಸುಮ್ನೆ ಬಿಟ್ಟ ಮೇಲೆ ನೋಡಿದ್ದಾದರೆ ಸುಮಾರು ಮುಕ್ಕಾಲು. 12.7 ತುಂಬಿದ್ದು, 12.2 ಅರ್ಧ, 12.0 ಕಾಲು. ಫ್ಯಾನು ತಿರುಗುತ್ತಿರುವಾಗ ನೋಡಿದರೆ ಈ ಅಂಕಿ ನಂಬಬೇಡಿ.

ಪ್ರಶ್ನೆ: ಪರಿಚಯದವರು ಎರಡು ವರ್ಷ ಬಳಸಿದ 100 ಎಎಚ್ ಬ್ಯಾಟರಿ ಅರ್ಧ ರೇಟಿಗೆ ಕೊಡ್ತೀನಿ ಅಂತಾರೆ. ಒಳಗೆ ಎಷ್ಟು ಉಳಿದಿದೆ ಅಂತ ಮನೇಲೇ ನೋಡೋಕೆ ಆಗುತ್ತಾ?
— ಓದುಗರು, ಆಳಂದ

ಉತ್ತರ: ಆಗುತ್ತದೆ, ಒಂದು ದಿನ ಮೀಸಲಿಡಬೇಕು ಅಷ್ಟೇ. ಅಂಗಡಿಯ ಟೆಸ್ಟರ್ ಹತ್ತು ಸೆಕೆಂಡು ಲೋಡ್ ಕೊಟ್ಟು "ಗುಡ್" ಅಂತ ತೋರಿಸುತ್ತದೆ. ಅದು ಸ್ಟಾರ್ಟ್ ಮಾಡೋ ಶಕ್ತಿಯ ಪರೀಕ್ಷೆ, ಎಎಚ್ ಪರೀಕ್ಷೆ ಅಲ್ಲ.

ಮೊದಲು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ 12.6ರ ಮೇಲೆ ಇಲ್ಲದಿದ್ದರೆ ಅಲ್ಲಿಗೇ ವ್ಯಾಪಾರ ಬಿಡಬಹುದು. ಇದ್ದರೆ ಆಟೊ ಸ್ಪೇರ್ಸ್ ಅಂಗಡಿಯಿಂದ ಕಾರಿನ ಹೆಡ್‌ಲೈಟ್ ಬಲ್ಬು ತನ್ನಿ, 60/55 ವ್ಯಾಟ್ ಅಂತ ಇರುವ ಮೂರು ಕಾಲಿನದು. ಅದರ 60 ವ್ಯಾಟಿನ ಎಳೆಯೊಂದನ್ನೇ ಹೊತ್ತಿಸಿದರೆ 5 ಆಂಪಿಯರ್ ಹತ್ತಿರ ಎಳೆಯುತ್ತದೆ. 100 ಎಎಚ್‌ನ ಸಿ20 ಅಂದರೂ 5 ಆಂಪಿಯರೇ, ಇದಕ್ಕಿಂತ ಅಗ್ಗದ ಲೋಡು ಸಿಗೋದಿಲ್ಲ. ಬಲ್ಬು ಕೆಂಡದ ಹಾಗೆ ಕಾಯುತ್ತದೆ, ಖಾಲಿ ಶಹಾಬಾದ್ ಕಲ್ಲಿನ ಮೇಲೆ ಇಡಿ, ಮಕ್ಕಳನ್ನು ದೂರ ಇಡಿ, ಗಾಜನ್ನು ಬರಿಗೈಲಿ ಮುಟ್ಟಬೇಡಿ.

ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದು ವೈರಿಗೆ ಹಾಕಿ ಆಂಪಿಯರ್ ಬರೆದುಕೊಳ್ಳಿ. ಎಸಿ ಮಾತ್ರ ಅಳೆಯುವ ಮೀಟರ್ ಇಲ್ಲಿ ಬರೋದಿಲ್ಲ, ಕೇಳಿ ತನ್ನಿ. ತಾಸಿಗೊಮ್ಮೆ ಆಂಪಿಯರ್, ವೋಲ್ಟೇಜು ಎರಡೂ ಬರೆಯಿರಿ. ವೋಲ್ಟೇಜನ್ನು ಬ್ಯಾಟರಿ ಟರ್ಮಿನಲ್ಲಿನಲ್ಲೇ ನೋಡಬೇಕು, ವೈರಿನ ತುದಿಯಲ್ಲಿ ಅಲ್ಲ. 11.5ಕ್ಕೆ ಬಂದ ಮೇಲೆ ಅಲ್ಲೇ ಕೂತಿರಿ, ಅಲ್ಲಿಂದ ಬೇಗ ಇಳಿಯುತ್ತದೆ. 10.5 ಮುಟ್ಟಿದ ಕ್ಷಣ ಬಲ್ಬು ಬಿಚ್ಚಿ, ಹೊತ್ತು ನೋಡಿ. ಸರಾಸರಿ 4.8 ಆಂಪಿಯರ್, 13 ತಾಸು ನಡೆಯಿತು ಅನ್ನಿ, 62 ಎಎಚ್ ಆಯಿತು. ನೂರಕ್ಕೆ 80ಕ್ಕಿಂತ ಕೆಳಗೆ ಇಳಿದ ಬ್ಯಾಟರಿಯ ಕಾಲ ಮುಗಿಯಿತು ಅಂತಲೇ ಲೆಕ್ಕ. ಮುಂದೆ ಅದು ಬೇಗ ಬೇಗ ಇಳಿಯುತ್ತದೆ. 62 ಬಂದರೆ ಅರ್ಧ ರೇಟು ಜಾಸ್ತಿ ಆಯಿತು. 85-90 ಬಂದರೆ ಕಣ್ಣು ಮುಚ್ಚಿ ತಗೊಳ್ಳಿ.

ಪರೀಕ್ಷೆ ಮುಗಿದ ಕೂಡಲೇ ಮತ್ತೆ ಚಾರ್ಜಿಗೆ ಹಾಕಿ, ನಾಳೆ ಹಾಕಿದರಾಯಿತು ಅಂತ ಬಿಡಬೇಡಿ. ಖಾಲಿ ಲೆಡ್ ಬ್ಯಾಟರಿ ಹಾಗೇ ಬಿದ್ದಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಅಷ್ಟೊತ್ತಿಗೆ ಬ್ಯಾಟರಿ ಇನ್ನೂ ಪರಿಚಯದವರದೇ ಆಗಿರುತ್ತದೆ, ನಿಷ್ಠುರ ಕಟ್ಟಿಕೊಳ್ಳಬೇಡಿ.